ದೊಡ್ಡಪ್ಪ ಹೇಳಿದ ಸುಳ್ಳು

"ಕೂತ್ಕೊಳ್ತು ನೋಡಿ ಮೇಡಂ, ಹೇಳಿ ಮಾಡಿಸಿದ ಹಾಗೆ," ಎಂದರು ಇನ್ಸ್‌ಪೆಕ್ಟರ್.

ಅವರ ಮೇಜಿನ ಗಾಜಿನ ಮೇಲೆ ಆ ಪೋಸ್ಟರ್ ಹರಡಿತ್ತು. ಗೋಡೆಯಿಂದ ಕಿತ್ತು ತಂದದ್ದು, ಅಂಟು ಒಣಗಿ ಅಂಚುಗಳು ಸುರುಟಿಕೊಂಡಿದ್ದವು. ಅದರ ಮೊದಲ ಅಕ್ಷರದ ಮೇಲೆ ಅವರು ಒಂದು ತೆಳು ಕಾಗದ ಇಟ್ಟಿದ್ದರು. ಆ ಕಾಗದದ ಮೇಲೂ ಅದೇ ಅಕ್ಷರ. ನನ್ನ ಭಾವನ ಪ್ರೆಸ್ಸಿನಿಂದ ಜಪ್ತಿ ಮಾಡಿದ ಮರದ ಅಚ್ಚಿಗೆ ಇಂಕು ಬಳಿದು ಒತ್ತಿ ತೆಗೆದ ಪ್ರತಿ ಅದು. ಭಾವ, ಅಂದರೆ ನನ್ನ ಅಕ್ಕನ ಗಂಡ, ಗೋಡೆಯಾಚೆ ಲಾಕಪ್ಪಿನಲ್ಲಿ ಕೂತಿದ್ದರು.

ಪೋಸ್ಟರಿನಲ್ಲಿ ಇದ್ದದ್ದು ಇಷ್ಟೇ: ಈ ಕಟ್ಟಡ ಅಪಾಯದಲ್ಲಿದೆ. ತಕ್ಷಣ ಖಾಲಿ ಮಾಡಿ. ಮೊಹರಿಲ್ಲ, ಸಹಿಯಿಲ್ಲ, ಯಾವ ಕಚೇರಿಯದೆಂಬ ಸುಳಿವಿಲ್ಲ. ಮೊನ್ನೆ ಬೆಳಗ್ಗೆ ಹಳೆಯ ವಠಾರದ ಮೆಟ್ಟಿಲ ಬಾಯಲ್ಲಿ ಇದನ್ನು ಕಂಡ ಜನ ಒಬ್ಬರ ಮೇಲೊಬ್ಬರು ಬಿದ್ದು ಕೆಳಗೆ ಓಡಿದರು. ಆ ನೂಕುನುಗ್ಗಲಿನಲ್ಲಿ ಎರಡನೇ ಮಹಡಿಯ ಗಡಿಯಾರ ರಿಪೇರಿಯ ತಾತ ಉರುಳಿ ಬಿದ್ದು ಪ್ರಾಣ ಬಿಟ್ಟರು. ಕಟ್ಟಡದಲ್ಲಿ ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ.

ನಾನು ಆ ತೆಳು ಕಾಗದದ ಮೇಲೆ ಬಗ್ಗಿದೆ. ಎತ್ತರ ಸರಿಯಾಗಿಯೇ ಕೂತಿತ್ತು. ಆದರೆ ಅಗಲದಲ್ಲಿ ಪೋಸ್ಟರಿನ ಅಕ್ಷರ ಎಡಬಲಕ್ಕೆ ಒಂದು ಚೂರು ಹೊರಗೆ ಇಣುಕುತ್ತಿತ್ತು. ಅದನ್ನು ತೋರಿಸಿದೆ. ಅಂಟಿನ ನೀರಿಗೆ ಕಾಗದ ಹಿಗ್ಗಿದೆ ಎಂದರು ಇನ್ಸ್‌ಪೆಕ್ಟರ್. ಹಿಗ್ಗಿದರೆ ಎತ್ತರವೂ ಹಿಗ್ಗಬೇಕಲ್ಲ ಎಂದೆ. ಕಾಗದ ಒಂದೇ ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ, ಕಾಗದದ ಸಗಟು ಅಂಗಡಿಯವರನ್ನು ಕೇಳಿಕೊಂಡೇ ಬಂದಿದ್ದೇನೆ ಎಂದರು. ಹಾಳಾದ್ದು, ಈ ಮನುಷ್ಯ ಸೋಮಾರಿಯಾದರೂ ಆಗಿದ್ದರೆ ನನ್ನ ಕೆಲಸ ಎಷ್ಟೋ ಹಗುರವಾಗುತ್ತಿತ್ತು.

ಒತ್ತಿದ ಗುರುತಿಲ್ಲ, ಮರದ ಗೀರು ಮೂಡಿಲ್ಲ, ಇದು ಅಚ್ಚಿನ ಯಂತ್ರದಿಂದ ಬಂದದ್ದೇ ಅಲ್ಲ ಎಂದು ನಿನ್ನೆಯೇ ವಾದಿಸಿದ್ದೆ. ಅಂಟಿನಲ್ಲಿ ನೆನೆದು ಗೋಡೆಗೆ ಉಜ್ಜಿಸಿಕೊಂಡ ಕಾಗದದಲ್ಲಿ ಯಾವ ಗುರುತು ಉಳಿಯುತ್ತದೆ ಎಂದು ಅವರು ಕೇಳಿದ್ದರು.

"ಸಂಜೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು ಮೇಡಂ. ಆಮೇಲೆ ಅವರು ಜೈಲಿಗೆ. ನನ್ನ ಕೈಲಿ ಏನೂ ಇರಲ್ಲ. ನಿಮ್ಮ ಭಾವನ ಬಾಯಿ ಬಿಡಿಸೋಕೆ ನಿಮ್ಮ ಕೈಲಾದ್ರೆ ಈಗ್ಲೇ ಬಿಡಿಸಿ."

ಅಯ್ಯೋ, ಅದೊಂದು ನನ್ನ ಕೈಲಾಗಿದ್ದರೆ. ಭಾವನನ್ನು ಒಳಗೆ ಕೂರಿಸಿದ ಹೊತ್ತಿನಿಂದ ಅವರು ಆಡಿದ್ದು ಒಂದೇ ಮಾತು, ನಾನು ಮಾಡಿಲ್ಲ ಅಂತ. ಮತ್ಯಾರು ಮಾಡಿರಬಹುದು ಎಂದರೆ ಚಾವಣಿ ನೋಡುತ್ತಾರೆ. ಪೋಸ್ಟರ್ ತೋರಿಸಿದರೆ ಒಮ್ಮೆ ಕಣ್ಣು ಕಿರಿದಾಗಿಸಿ ನೋಡಿ ಮುಖ ತಿರುಗಿಸುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಎಂದವನನ್ನು ಹಿಡಿದು ತಂದು ಒಂದು ದಿನ ಈ ಲಾಕಪ್ಪಿನ ಸರಳಿನ ಮುಂದೆ ಕೂರಿಸಬೇಕು ಅನ್ನಿಸಿತು.

ಮತ್ತೊಮ್ಮೆ ಹೋಗಿ ಸರಳು ಹಿಡಿದು ನಿಂತೆ. ವಠಾರದ ಮಾಲೀಕ ಬಾಡಿಗೆದಾರರನ್ನು ಎಬ್ಬಿಸಲು ವರ್ಷಗಳಿಂದ ಹೊಂಚು ಹಾಕುತ್ತಿದ್ದಾನೆ, ಅವನೇನಾದರೂ ಬಂದು ಕೇಳಿದ್ದನೇ ಎಂದೆ. ಭಾವ ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ದೇವರಿಗೇ ಗೊತ್ತು. ಅಕ್ಕ ಊಟ ಬಿಟ್ಟಿದ್ದಾಳೆ ಎಂದೆ. ಅದಕ್ಕೆ ಮಾತ್ರ ತಿರುಗಿದರು.

"ಮನೆಗ್ಹೋಗು ಚೂಟಿ. ಸಾಕು ಓಡಾಡಿದ್ದು."

ನನ್ನನ್ನು ಚೂಟಿ ಎಂದು ಕರೆಯುವವರು ಪ್ರಪಂಚದಲ್ಲಿ ಇವರೊಬ್ಬರೇ. ಬೇರೆ ಹೊತ್ತಿನಲ್ಲಾದರೆ ಕರಗಿ ಹೋಗುತ್ತಿದ್ದೆ. ಆ ಹೊತ್ತಿಗೆ ಸರಳಿನೊಳಗೆ ಕೈ ಹಾಕಿ ಹಿಡಿದು ಅಲುಗಾಡಿಸಬೇಕು ಎನ್ನಿಸಿತು.

ಪೋಸ್ಟರಿನ ಆ ಅಕ್ಷರಶೈಲಿಗೆ ದೊಡ್ಡಪ್ಪ ಎಂದು ಹೆಸರಿಟ್ಟದ್ದೂ ಭಾವನೇ. ಅಚ್ಚು ತಯಾರಿಸಿದ ಕಂಪನಿ ಕೊಟ್ಟ ಹೆಸರು ಬೇರೆ ಇದೆ, ಅದನ್ನು ಯಾರೂ ಬಳಸುವುದಿಲ್ಲ. ಹಳೆಯ ಕಾಲದ ದಪ್ಪ ಅಕ್ಷರ ಅದು. ಗೆರೆ ಕೊನೆಯಾಗುವ ಕಡೆಯೆಲ್ಲ ಚಿಕ್ಕದೊಂದು ಪಾದ, ಅಕ್ಷರ ನೆಲ ಕಚ್ಚಿ ನಿಂತಂತೆ. ಒಂದು ಗೆರೆ ಕಂಬದಷ್ಟು ದಪ್ಪ, ಪಕ್ಕದ್ದು ದಾರದಷ್ಟು ತೆಳು. ಮನೆಯಲ್ಲಿ ಎಲ್ಲರೂ ಗಲಾಟೆ ಮಾಡುತ್ತಿರುವಾಗ ದೊಡ್ಡಪ್ಪ ಬಂದು ಗಂಟಲು ಸರಿಮಾಡಿಕೊಂಡರೆ ಹೇಗೆ ಎಲ್ಲರೂ ಸುಮ್ಮನಾಗುತ್ತಾರೋ, ಈ ಅಕ್ಷರ ಕಂಡರೂ ಜನ ಹಾಗೇ ಸುಮ್ಮನಾಗುತ್ತಾರೆ ಎನ್ನುತ್ತಿದ್ದರು.

ನಿಜ. ಪತ್ರಿಕೆಯವರು ಯುದ್ಧ ಶುರುವಾದ ದಿನ ಈ ಅಕ್ಷರ ತೆಗೆಯುತ್ತಿದ್ದರು. ನ್ಯಾಯಾಲಯದ ಬಾಗಿಲ ಮೇಲೆ ಇದೇ. ಕಾನೂನು ಪುಸ್ತಕದ ಬೆನ್ನಿನ ಮೇಲೆ ಇದೇ. ರೈಲು ಹಳಿ ದಾಟಬಾರದು, ವಿದ್ಯುತ್ ತಂತಿ ಮುಟ್ಟಬಾರದು, ಈ ಬಾವಿಯ ನೀರು ಕುಡಿಯಬಾರದು, ಎಲ್ಲವನ್ನೂ ಹೇಳುವವನು ದೊಡ್ಡಪ್ಪ. ಒಮ್ಮೆ ಯಾರೋ ಸಾಬೂನಿನ ಜಾಹೀರಾತಿಗೆ ಇದೇ ಅಕ್ಷರ ಬೇಕೆಂದು ಬಂದಾಗ ಭಾವ ಅವನನ್ನು ಹೊರಗೆ ಕಳಿಸಿದ್ದರು. ದೊಡ್ಡಪ್ಪನ ಕೈಲಿ ಸಾಬೂನು ಮಾರಿಸಿದರೆ ನಾಳೆ ಅವನು ಬೆಂಕಿ ಬಿದ್ದಿದೆ ಎಂದರೂ ಯಾರೂ ಏಳುವುದಿಲ್ಲ ಎಂಬುದು ಅವರ ವಾದ. ಅವತ್ತು ಬಂದ ಗಿರಾಕಿಯನ್ನು ಓಡಿಸಿದ್ದಕ್ಕೆ ಅಕ್ಕ ಮನೆಯಲ್ಲಿ ಎರಡು ದಿನ ಮಾತು ಬಿಟ್ಟಿದ್ದಳು.

ಅದೇ ದೊಡ್ಡಪ್ಪ ಈಗ ಒಂದು ಸುಳ್ಳು ಹೇಳಿದ್ದ, ಊರೆಲ್ಲ ನಂಬಿತ್ತು. ತೆಳ್ಳಗೆ ವಾಲಿಕೊಂಡ ಅಕ್ಷರದಲ್ಲಿ ಅದೇ ಮಾತು ಬರೆದಿದ್ದರೆ ಜನ ಓದಿ, ಆಕಳಿಸಿ, ಹಲ್ಲುಜ್ಜಲು ಹೋಗುತ್ತಿದ್ದರು. ಆ ತಾತ ಇವತ್ತು ಯಾರದೋ ಗಡಿಯಾರ ಬಿಚ್ಚಿಕೊಂಡು ಕೂತಿರುತ್ತಿದ್ದರು.

ಈ ಸೀಮೆಯಲ್ಲಿ ದೊಡ್ಡಪ್ಪನ ಮರದ ಅಚ್ಚು ಇದ್ದದ್ದು ಭಾವನ ಬಳಿ ಮಾತ್ರ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಸಿಟ್ಟಿನಿಂದ ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತೆ. ವಕೀಲರಿಗೆ ಫೋನ್ ಮಾಡಿದರೆ, ತಮಗೆ ಬೇರೆ ಕೇಸಿದೆ, ಇನ್ನೊಬ್ಬರ ನಂಬರ್ ಕೊಡುತ್ತೇನೆ ಬರೆದುಕೊಳ್ಳಿ ಎಂದರು. ಬರೆಯಲು ಕಾಗದ ಸಿಗದೆ ಪರ್ಸಿನಿಂದ ನನ್ನದೇ ವಿಸಿಟಿಂಗ್ ಕಾರ್ಡ್ ತೆಗೆದು ಅದರ ಹಿಂದೆ ಗೀಚಿದೆ. ಆ ಇನ್ನೊಬ್ಬರು ಫೋನ್ ಎತ್ತಲೇ ಇಲ್ಲ. ಕಾರ್ಡನ್ನು ಎಸೆಯಬೇಕು ಎಂದು ಮಗುಚಿದೆ.

ಕಾರ್ಡಿನ ಮೇಲೆ ನನ್ನ ಹೆಸರು, ಕೆಳಗೆ ಖಾಸಗಿ ತನಿಖೆ ಎಂಬ ಎರಡು ಪದ. ದೊಡ್ಡಪ್ಪನ ಅಕ್ಷರದಲ್ಲೇ, ಆದರೆ ಇರುವೆಯ ಸಾಲಿನಷ್ಟು ಸಣ್ಣಗೆ. ವಿಮಾ ಕಂಪನಿಯ ಕೆಲಸ ಬಿಟ್ಟು ಈ ಕಸುಬು ಹಿಡಿದಾಗ ಭಾವನ ಪ್ರೆಸ್ಸಿನಲ್ಲೇ ಮಾಡಿಸಿದ್ದು. ಜನ ನಿನ್ನನ್ನು ನಂಬದಿದ್ದರೂ ಅಕ್ಷರವನ್ನು ನಂಬುತ್ತಾರೆ ಎಂದು ಆಗ ತಮಾಷೆ ಮಾಡಿದ್ದರು.

ಕಾರ್ಡನ್ನೇ ನೋಡುತ್ತಾ ಕೂತೆ. ಏನೋ ಒಂದು ಕಣ್ಣಿಗೆ ಚುಚ್ಚುತ್ತಿತ್ತು. ಚೀಲದಿಂದ ಭೂತಗನ್ನಡಿ ತೆಗೆದು ಹಿಡಿದೆ.

ಪಾದಗಳು. ಮರದ ಅಚ್ಚಿನ ಪಾದ ಚಾಕುವಿನ ಅಲಗಿನ ಹಾಗೆ ತೆಳ್ಳಗಿತ್ತು. ಈ ಸಣ್ಣ ಅಕ್ಷರದ ಪಾದ ದಪ್ಪ, ಗಿಡ್ಡ, ಗಮ್‌ಬೂಟು ಹಾಕಿಕೊಂಡ ಹಾಗೆ. ದುಂಡು ಗೆರೆಯ ಹೊಟ್ಟೆಯೊಳಗಿನ ಬಿಳಿ ಜಾಗ ಅಗಲ. ಇಡೀ ಅಕ್ಷರವೇ ತನ್ನ ಎತ್ತರಕ್ಕೆ ಒಂದಿಷ್ಟು ಹೆಚ್ಚು ಅಗಲ.

ಆಗ ಹೊಳೆಯಿತು. ಅಚ್ಚಿನ ಕಸುಬಿನಲ್ಲಿ ಪ್ರತಿಯೊಂದು ಅಳತೆಯ ಅಕ್ಷರವನ್ನೂ ಬೇರೆ ಬೇರೆಯಾಗಿಯೇ ಕೆತ್ತುತ್ತಾರೆ. ಸಣ್ಣ ಅಕ್ಷರಕ್ಕೆ ಬಳಸುವ ಸೀಸದ ಅಚ್ಚುಮೊಳೆಗೆ ತೆಳು ಪಾದ ಕೊಟ್ಟರೆ ಒತ್ತುವಾಗ ಮುರಿಯುತ್ತದೆ, ಹೊಟ್ಟೆ ಕಿರಿದಾದರೆ ಇಂಕು ತುಂಬಿ ಕಪ್ಪು ಚುಕ್ಕೆಯಾಗುತ್ತದೆ. ಅದಕ್ಕೇ ಸಣ್ಣದನ್ನು ಬೇಕೆಂದೇ ಗಟ್ಟಿಮುಟ್ಟಾಗಿ ಮಾಡುತ್ತಾರೆ. ಮಗು ಅಂದರೆ ಕುಗ್ಗಿಸಿದ ದೊಡ್ಡ ಮನುಷ್ಯ ಅಲ್ಲವಲ್ಲ, ಹಾಗೆ. ಸಹಜ ಅಳತೆಯಲ್ಲಿ ನೋಡಿದರೆ ಎರಡೂ ಒಂದೇ ಮುಖ. ಸಣ್ಣದನ್ನು ಅಂಗೈಯುದ್ದಕ್ಕೆ ಹಿಗ್ಗಿಸಿದರೆ ಮಾತ್ರ ಬೂಟು ಕಾಣುತ್ತದೆ.

ಪೋಸ್ಟರಿನ ಅಕ್ಷರ ಅಗಲದಲ್ಲಿ ಹೊರಗೆ ಇಣುಕಿದ್ದು ಅಂಟಿನ ನೀರಿಗಲ್ಲ. ಅದು ಮರದ ಅಚ್ಚೇ ಅಲ್ಲ. ಯಾರೋ ಸಣ್ಣ ಅಕ್ಷರವನ್ನು ಯಂತ್ರಕ್ಕೆ ಕೊಟ್ಟು ದೊಡ್ಡದು ಮಾಡಿಸಿದ್ದಾರೆ. ಭಾವನ ಪ್ರೆಸ್ಸಿನಲ್ಲಿ ಅಂಥ ಯಂತ್ರ ಇಲ್ಲ, ಅವರು ಅದನ್ನು ಬಾಗಿಲೊಳಗೆ ಬಿಟ್ಟುಕೊಂಡವರೂ ಅಲ್ಲ.

ಅಂಥ ಯಂತ್ರ ಇದ್ದದ್ದು ಮಿಂಚುವಿನ ಹತ್ತಿರ.

ಮಿಂಚು ಬ್ಯಾನರ್ ಅಂಗಡಿಯವನು. ಮಿಂಚಿನ ವೇಗದಲ್ಲಿ ಬ್ಯಾನರ್ ಎಂದು ಬೋರ್ಡು ಹಾಕಿಕೊಂಡ ದಿನದಿಂದ ಅವನಿಗೆ ಬೇರೆ ಹೆಸರು ಉಳಿದಿಲ್ಲ. ನಾನು ಹೋದಾಗ ಅವನು ಗಡ್ಡದಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ. ಹಿಂದೆ ಆಳೆತ್ತರದ ಯಂತ್ರ ಕುಯ್ ಕುಯ್ ಎನ್ನುತ್ತಾ ಯಾವುದೋ ಔಷಧದಂಗಡಿಯ ಬ್ಯಾನರನ್ನು ಉಗುಳುತ್ತಿತ್ತು.

ನೇರವಾಗಿ ಕೇಳಿದರೆ ಇವನು ಇಲ್ಲ ಎನ್ನುತ್ತಾನೆ, ಆಮೇಲೆ ಆ ಇಲ್ಲವನ್ನೇ ಹಿಡಿದು ನೇತಾಡುತ್ತಾನೆ. ಅದಕ್ಕೆ ಗಿರಾಕಿಯ ಹಾಗೆ ನಿಂತು ನನ್ನ ಕಾರ್ಡ್ ಕೊಟ್ಟೆ. ಇದರಲ್ಲಿರುವ ಅಕ್ಷರವನ್ನು ಅಂಗೈಯುದ್ದ ಮಾಡಿ ಒಂದು ಬೋರ್ಡು ಬೇಕು, ಹೇಗೆ ಕಾಣುತ್ತದೆ ತೋರಿಸಪ್ಪ ಎಂದೆ.

ಕಾರ್ಡನ್ನು ಸ್ಕ್ಯಾನರಿನ ಮುಚ್ಚಳದಡಿ ಇಟ್ಟ. ಪರದೆಯ ಮೇಲೆ ನನ್ನ ಹೆಸರು ಮೂಡಿತು. ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ದಪ್ಪ ಗಿಡ್ಡ ಪಾದಗಳು, ಅಗಲದ ಹೊಟ್ಟೆ, ಮೊಂಡಾದ ಮೂಲೆಗಳು. ಪೋಸ್ಟರಿನ ಅಕ್ಷರವೇ ನನ್ನ ಹೆಸರಿನಲ್ಲಿ ಬಂದು ನಿಂತ ಹಾಗಿತ್ತು.

ಮಿಂಚುವಿನ ಕೈ ಇಲಿಯ ಮೇಲೆ, ಕಂಪ್ಯೂಟರಿನ ಇಲಿಯ ಮೇಲೆ, ಹಾಗೇ ನಿಂತುಬಿಟ್ಟಿತ್ತು.

ಇಂಥದ್ದನ್ನು ಈಚೆಗೆ ಇನ್ನೊಂದು ಮಾಡಿದೆಯಲ್ಲ ಎಂದು ಮೆಲ್ಲಗೆ ಕೇಳಿದೆ. ಯಾವುದು ಎಂದ. ನಾನಿನ್ನೂ ಪೋಸ್ಟರ್ ಎಂದಿರಲಿಲ್ಲ, ಅಷ್ಟರಲ್ಲೇ ತಾನು ಪೋಸ್ಟರ್ ಮಾಡುವವನೇ ಅಲ್ಲ, ಬರೀ ಬ್ಯಾನರ್ ಎಂದು ಶುರು ಹಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಕುರ್ಚಿ ಎಳೆದುಕೊಂಡು ಅವನ ಎದುರು ಕೂತೆ. ಆ ತಾತನ ಸುದ್ದಿ ಎತ್ತಿದೆ. ಅವರ ಟೋಪಿ ಒಂದು ಮಹಡಿಯಲ್ಲಿ ಸಿಕ್ಕಿತು, ಕನ್ನಡಕ ಇನ್ನೊಂದರಲ್ಲಿ ಎಂದೆ. ನನ್ನ ಭಾವ ಸಂಜೆ ಜೈಲಿಗೆ ಹೋಗುತ್ತಾರೆ, ಮಾಡದ ತಪ್ಪಿಗೆ, ಎಂದೆ. ಮಿಂಚು ಪೆನ್ಸಿಲನ್ನು ಗಡ್ಡದಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. ಅವನ ಕಣ್ಣು ಬಾಗಿಲ ಕಡೆ ಹೋಯಿತು. ನಾನು ಬಾಗಿಲಿಗೆ ಅಡ್ಡವಾಗಿಯೇ ಕೂತಿದ್ದೆ, ನನ್ನ ಗಾತ್ರವೂ ಕಡಿಮೆ ಏನಿಲ್ಲ.

"ಮೇಡಂ, ನನಗೆ ಗೊತ್ತಿರ್ಲಿಲ್ಲ. ಆಣೆ ಮಾಡಿ ಹೇಳ್ತೀನಿ. ನಾನು ಅದನ್ನ ಕಚೇರಿದೇ ಅಂದ್ಕೊಂಡೆ."

"ಮೊಹರಿಲ್ದೆ ಇರೋದು ಕಚೇರಿದು ಹೇಗಪ್ಪ ಆಗತ್ತೆ?"

"ಆ ಅಕ್ಷರ ನೋಡಿದ್ಮೇಲೆ ಮೊಹರು ಯಾರು ನೋಡ್ತಾರೆ ಮೇಡಂ?"

ವಠಾರದವರು ಬಿದ್ದ ಹಳ್ಳಕ್ಕೇ ಇವನೂ ಬಿದ್ದಿದ್ದ.

ಉಳಿದದ್ದನ್ನು ಅವನೇ ಕಕ್ಕಿದ. ಬೆಳಗ್ಗೆ ಷಟರ್ ಎತ್ತುವಾಗ ಕೆಳಗೆ ತೂರಿಸಿಟ್ಟ ಲಕೋಟೆ ಸಿಕ್ಕಿತ್ತು. ಹೀಗೆ ಕೆಲಸ ಬಿಟ್ಟುಹೋಗುವ ಗಿರಾಕಿಗಳು ಅವನಿಗೆ ಬೇಕಾದಷ್ಟು ಮಂದಿ. ಒಳಗೆ ಒಂದು ಸಣ್ಣ ಕಾಗದದಲ್ಲಿ ಆ ಎರಡು ವಾಕ್ಯ ಅಚ್ಚಾಗಿತ್ತು, ಜೊತೆಗೆ ಕೂಲಿ. ಅಕ್ಷರ ಅಂಗೈಯುದ್ದ ಬರಬೇಕು, ಸುತ್ತಿ ಹೊರಗಿನ ಪೈಪಿನಲ್ಲಿ ಇಟ್ಟಿರಿ ಎಂದು ಲಕೋಟೆಯ ಮೇಲೆ ಟೈಪ್ ಮಾಡಿತ್ತು. ಇಟ್ಟ. ಯಾರೋ ಒಯ್ದರು. ಯಾರೆಂದು ನೋಡಲಿಲ್ಲ. ಮಾರನೇ ದಿನ ಸಾವಿನ ಸುದ್ದಿ ಕೇಳಿ ಲಕೋಟೆ, ಕಾಗದ ಎಲ್ಲವನ್ನೂ ಸುಟ್ಟ. ಪೊಲೀಸರು ಭಾವನನ್ನು ಹಿಡಿದರೆಂದು ತಿಳಿದಾಗ, ದೇವರು ದೊಡ್ಡವನು ಎಂದು ಬಾಗಿಲು ಹಾಕಿಕೊಂಡು ಮಲಗಿದನಂತೆ.

ಕಪಾಳಕ್ಕೆ ಎರಡು ಬಿಡಬೇಕೆನ್ನಿಸಿತು. ಬದಲಿಗೆ ಅವನ ತೋಳು ಹಿಡಿದು ಎಬ್ಬಿಸಿದೆ. ಅವನು ಇನ್ನೂ ಏನೋ ಹೇಳುತ್ತಿದ್ದ, ಆ ಕಾಗದ ಹೇಗಿತ್ತು, ಎಷ್ಟು ದಪ್ಪವಿತ್ತು ಅಂತ. ನನ್ನ ಕಿವಿಗೆ ಬೀಳಲಿಲ್ಲ. ಎಲ್ಲವನ್ನೂ ಠಾಣೆಯಲ್ಲಿ ಹೇಳು ಎಂದೆ. ನನಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ನನ್ನಂಥವಳನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಠಾಣೆಗೆ ಹೋಗುವ ದಾರಿಯಲ್ಲೇ ಅಕ್ಕನಿಗೆ ಫೋನ್ ಮಾಡಿದೆ. ಪೋಸ್ಟರ್ ಮಿಂಚುವಿನ ಯಂತ್ರದಿಂದ ಬಂದದ್ದು, ಅವನು ಒಪ್ಪಿದ್ದಾನೆ, ಭಾವ ಇವತ್ತೇ ಮನೆಗೆ ಬರುತ್ತಾರೆ, ಅವರಿಗೊಂದು ಜೊತೆ ಬಟ್ಟೆ ತಗೊಂಡು ಬಾ ಎಂದೆ. ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಅಳುತ್ತಿದ್ದಾಳೆ ಎಂದುಕೊಂಡೆ. ನಿಧಾನವಾಗಿ, ಬರ್ತೀನಿ ಎಂದಳು.

ಇನ್ಸ್‌ಪೆಕ್ಟರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಆ ಗುಣ ಅವರಲ್ಲಿದೆ, ಒಪ್ಪಬೇಕು. ಮಿಂಚುವಿನ ಯಂತ್ರದಲ್ಲಿ ದೊಡ್ಡದು ಮಾಡಿಸಿದ ನನ್ನ ಹೆಸರನ್ನು ಪೋಸ್ಟರಿನ ಪಕ್ಕ ಇಟ್ಟೆ. ಇನ್ನೊಂದು ಪಕ್ಕದಲ್ಲಿ ಮರದ ಅಚ್ಚಿನ ಪ್ರತಿ. ಪೋಸ್ಟರಿನಲ್ಲೂ ನನ್ನ ಹೆಸರಿನಲ್ಲೂ ಇದ್ದ ಒಂದು ಅಕ್ಷರ ಆರಿಸಿ ಪಾದ ತೋರಿಸಿದೆ, ಹೊಟ್ಟೆ ತೋರಿಸಿದೆ. ಅವರು ಭೂತಗನ್ನಡಿ ಕೇಳಿ ಪಡೆದು ಒಂದೊಂದನ್ನೂ ನೋಡಿದರು. ಕಾಗದ ಹಿಗ್ಗಿದರೆ ಪಾದ ದಪ್ಪವಾಗುವುದಿಲ್ಲ ಎಂದು ಅವರೇ ಹೇಳಿದರು.

ಆಮೇಲೆ ಪೇದೆಯನ್ನು ಕರೆದು ಭಾವನನ್ನು ಹೊರಗೆ ಕರೆತರಲು ಹೇಳಿದರು. ಬೆಂಚಿನ ಮೇಲೆ ಕೂರಿಸಿ ನೀರು ಕೊಡಿಸಿದರು. ನನ್ನ ಎದೆ ಉಬ್ಬಿ ಬಿರಿಯುವುದೊಂದು ಬಾಕಿ. ಗೆದ್ದೆ ಎಂದೇ ಅಂದುಕೊಂಡೆ. ಭಾವ ಮಾತ್ರ ಮೇಜಿನ ಮೇಲಿದ್ದ ನನ್ನ ವಿಸಿಟಿಂಗ್ ಕಾರ್ಡನ್ನು ನೋಡಿದರು, ಭೂತಗನ್ನಡಿಯನ್ನು ನೋಡಿದರು, ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಮುಖ ಬೂದಿಯಾಗಿತ್ತು. ಎರಡು ದಿನ ಅನ್ನ ನೀರಿಲ್ಲದ ದಣಿವು ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಅಕ್ಕ ಬಟ್ಟೆಯ ಚೀಲ ಹಿಡಿದು ಬಂದು ಬಾಗಿಲ ಬಳಿ ನಿಂತಳು. ಒಳಗೆ ಬಾ ಎಂದು ಕೈ ಮಾಡಿದೆ. ಬರಲಿಲ್ಲ.

ಇನ್ಸ್‌ಪೆಕ್ಟರ್ ಮಿಂಚುವಿನ ಹೇಳಿಕೆ ಬರೆದುಕೊಳ್ಳಲು ಶುರು ಮಾಡಿದರು. ಲಕೋಟೆ ಹೇಗಿತ್ತು, ಯಾವ ಹೊತ್ತಿನಲ್ಲಿ ಸಿಕ್ಕಿತು ಎಂದು ಕೇಳುತ್ತಾ ಬಂದರು. ಕೊನೆಗೆ, ಒಳಗಿದ್ದ ಕಾಗದ ಎಂಥದು ಎಂದರು. ಕಂಪ್ಯೂಟರಿನಲ್ಲಿ ತೆಗೆದದ್ದೋ, ಹಳೆಯ ಪುಸ್ತಕದಿಂದ ಅಕ್ಷರ ಕತ್ತರಿಸಿ ಜೋಡಿಸಿದ್ದೋ?

"ಎರಡೂ ಅಲ್ಲ ಸಾರ್. ಅದನ್ನೇ ಮೇಡಂಗೆ ಹೇಳೋಕೆ ಹೋದೆ, ಕೇಳ್ಲಿಲ್ಲ. ದಪ್ಪ ಕಾಗದ. ಹಿಂದೆ ಬೆರಳಾಡಿಸಿದ್ರೆ ಅಕ್ಷರ ಕೈಗೆ ತಾಕ್ತಿತ್ತು. ಇಂಕಿನ ವಾಸನೆ ಇನ್ನೂ ಹೋಗಿರ್ಲಿಲ್ಲ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. ನನ್ನ ಕಾರ್ಡನ್ನು ಎತ್ತಿ ಅದರ ಹಿಂಬದಿಯ ಮೇಲೆ ಹೆಬ್ಬೆರಳಾಡಿಸಿದರು. ನಾನು ಗೀಚಿದ ವಕೀಲರ ನಂಬರಿನ ನಡುವೆ ಅಕ್ಷರಗಳು ಅವರ ಬೆರಳಿಗೆ ತಾಕಿರಬೇಕು.

"ಹಾಗಾದ್ರೆ ಸೀಸದ ಮೊಳೆ ಜೋಡಿಸಿ, ಹೊಸದಾಗಿ ಒತ್ತಿದ್ದು. ಮೇಡಂ, ಈ ಸಣ್ಣ ಮೊಳೆ ಯಾರ ಹತ್ರ ಇದೆ?"

ಕೈ ಚಾಚಿ ನನ್ನ ಕಾರ್ಡನ್ನು ವಾಪಸು ಕೇಳಿದೆ, ಅವರು ಕೊಡಲಿಲ್ಲ.

ಸಣ್ಣ ಮೊಳೆ ಇರುವುದು ಭಾವನ ಪ್ರೆಸ್ಸಿನಲ್ಲೇ, ಕಿಟಕಿಯ ಪಕ್ಕದ ಮರದ ಖಾನೆಯಲ್ಲಿ. ಆದರೆ ಭಾವ ಅದನ್ನು ಮುಟ್ಟಿ ಎಷ್ಟೋ ವರ್ಷವಾಯಿತು. ಅವರ ಕಣ್ಣಿಗೆ ಪೊರೆ ಬಂದಿದೆ, ಬೆರಳ ಗಂಟುಗಳು ಊದಿ ಅಕ್ಕಿಕಾಳಿನಷ್ಟು ಮೊಳೆಯನ್ನು ಎತ್ತಲು ಆಗುವುದಿಲ್ಲ. ಅಂಗೈಯುದ್ದದ ಮರದ ಅಚ್ಚು ಅವರದು. ಸಣ್ಣದೆಲ್ಲ, ಕಾರ್ಡು, ಔಷಧದ ಚೀಟಿ, ಸಾವಿನ ಸುದ್ದಿಯ ಪತ್ರ, ಜೋಡಿಸುವುದು ಅಕ್ಕ. ಅಕ್ಕ ಒಬ್ಬಳೇ. ಖಾನೆಗೆ ಬೀಗವಿದೆ, ಬೀಗದ ಕೈ ಅವಳ ಕೊರಳಲ್ಲಿದೆ.

ನಾನು ಇಷ್ಟು ಹೊತ್ತು ಬೆವರು ಸುರಿಸಿ ಸಾಧಿಸಿದ್ದು ಇದನ್ನೇ. ದೊಡ್ಡ ಅಕ್ಷರದಿಂದ ಬಿಡಿಸಿ ಕೇಸನ್ನು ಸಣ್ಣ ಅಕ್ಷರಕ್ಕೆ ತಂದು ಕಟ್ಟಿದ್ದೆ, ಅದೂ ನನ್ನದೇ ಹೆಸರಿನ ಸಾಕ್ಷಿ ಇಟ್ಟು.

ಬೆಂಚಿನಿಂದ ಭಾವ ಎದ್ದು ನಿಂತರು.

"ನನ್ನ ಹತ್ರ ಇದೆ ಸಾರ್. ನಾನೇ ಜೋಡಿಸ್ದೆ, ನಾನೇ ಒತ್ತಿದೆ. ಮರದ ಅಚ್ಚಲ್ಲಿ ಹೊಡೆದ್ರೆ ಸಿಕ್ಕಿಹಾಕ್ಕೋತೀನಿ ಅಂತ ಇವನ ಷಟರ್ ಕೆಳಗೆ ತೂರಿಸ್ದೆ. ಬರ್ಕೊಳ್ಳಿ."

ಸುಳ್ಳು ಎಂದು ಕೂಗಲು ಬಾಯಿ ತೆರೆದೆ. ಇವರ ಬೆರಳು ನೋಡಿ, ಕಣ್ಣು ನೋಡಿ, ಒಂದು ಸಾಲು ಜೋಡಿಸಲು ಕೊಡಿ, ಇವರಿಂದ ಆಗುವುದಿಲ್ಲ ಎನ್ನಬೇಕು. ಹಾಗಾದರೆ ಇನ್ಯಾರಿಂದ ಆಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಬಾಯಿ ಬಿಟ್ಟರೆ ಅಕ್ಕ, ಮುಚ್ಚಿದರೆ ಭಾವ.

ಭಾವ ನನ್ನನ್ನು ನೋಡಲಿಲ್ಲ. ಇನ್ಸ್‌ಪೆಕ್ಟರ್ ಯಾಕೆ ಮಾಡಿದಿರಿ ಎಂದು ಕೇಳಿದರು, ಮಾಲೀಕ ಹೇಳಿದನೇ ಎಂದರು. ಬೇಕಾದರೆ ಬರೆದುಕೊಂಡದ್ದಕ್ಕೆ ಸಹಿ ಹಾಕುತ್ತೇನೆ, ಅದಕ್ಕಿಂತ ಹೆಚ್ಚು ಕೇಳಬೇಡಿ ಎಂದರು ಭಾವ.

ನಾನು ಬಾಗಿಲ ಕಡೆ ತಿರುಗಿದೆ. ಅಕ್ಕ ಈಗ ಚೀರುತ್ತಾಳೆ, ಓಡಿ ಬಂದು ಅವರ ಬಾಯಿ ಮುಚ್ಚುತ್ತಾಳೆ, ಇಲ್ಲ ಎನ್ನುತ್ತಾಳೆ ಎಂದು ಕಾದೆ. ದೇವರಾಣೆ, ಅದೊಂದನ್ನೇ ಬೇಡಿಕೊಂಡೆ. ಅವಳು ನಿಧಾನವಾಗಿ ಒಳಗೆ ಬಂದು ಚೀಲವನ್ನು ಮೇಜಿನ ಮೇಲೆ ಇಟ್ಟಳು.

"ಅವರಿಗೆ ಬೆನ್ನು ನೋವಿದೆ ಸಾರ್. ಬರೀ ನೆಲದ ಮೇಲೆ ಮಲಗಿಸ್ಬೇಡಿ."

ಅಷ್ಟೇ ಹೇಳಿದಳು. ಭಾವ ತಲೆ ತಗ್ಗಿಸಿದರು.

ಇನ್ಸ್‌ಪೆಕ್ಟರ್ ಅಕ್ಕನನ್ನು ಒಮ್ಮೆ ನೋಡಿದರು, ಬಳಿಕ ಭಾವನ ಊದಿದ ಬೆರಳುಗಳನ್ನು. ಹೊಸ ಹಾಳೆಯೊಂದನ್ನು ಮುಂದೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ನನ್ನ ಕಡೆ ತಿರುಗಿದರು.

"ಮೇಡಂ, ನೀವು ಆ ಪ್ರೆಸ್ಸಿಗೆ ದಿನಾ ಹೋಗಿಬರೋರು. ನಿಮ್ಮ ಈ ಕಾರ್ಡಿನ ಮೊಳೆ ಜೋಡಿಸಿದ್ದು ಯಾರು?"